ಗಿಡಕ್ಕೊಂದು ಗೂಟ, ಗಾಲಿಗೊಂದು ಗೂಟ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಗೆ ಅಂಗಳವೇ ಇರಲಿಲ್ಲ. ಬಾಗಿಲು ತೆರೆದರೆ ನೇರ ರಸ್ತೆ. ಯಲ್ಲಾಪುರದಿಂದ ಬಂದು, ಇಡಗುಂದಿ ದಾಟಿ, ಘಟ್ಟ ಇಳಿದು ಸಮುದ್ರದ ಕಡೆಗೆ ಹೋಗುವ ಕೆಂಪು ಮಣ್ಣಿನ ರಸ್ತೆ ಅದು. ಬೇಸಿಗೆಯಲ್ಲಿ ಗಾಡಿಗಳು ಓಡಾಡಿ ಓಡಾಡಿ ಮಣ್ಣು ಹಿಟ್ಟಿನ ಹಾಗೆ ಆಗುತ್ತಿತ್ತು. ಬರಿಗಾಲಿನಲ್ಲಿ ನಡೆದರೆ ಬೆರಳ ಸಂದಿಯಿಂದ ಮೆತ್ತಗೆ ಮೇಲೆ ಬರುತ್ತಿತ್ತು. ನಮ್ಮ ಊಟದ ತಟ್ಟೆ, ಅವ್ವನ ಕೂದಲು, ಬೆಕ್ಕಿನ ಮೀಸೆ, ಎಲ್ಲದರ ಮೇಲೂ ಅದರ ಕೆಂಪು.

ಅಪ್ಪನಿಗೆ ಆ ರಸ್ತೆಯ ಗ್ಯಾಂಗಿನಲ್ಲಿ ಕೆಲಸ. ಹೊಂಡ ಬಿದ್ದಲ್ಲಿ ಮಣ್ಣು ತುಂಬುವುದು, ಚರಂಡಿ ಬಿಡಿಸುವುದು, ಬಿದ್ದ ಮರ ಕಡಿದು ಬದಿಗೆ ಸರಿಸುವುದು. ಊರಿನಿಂದ ಘಟ್ಟದ ತಲೆಯವರೆಗಿನ ರಸ್ತೆ ಅಪ್ಪನ ಪಾಲಿನದು. ಆ ಕೆಲಸಕ್ಕೆಂದು ಕೊಟ್ಟ ಹುಲ್ಲಿನ ಮಾಡಿನ ಗುಡಿಸಲಿನಲ್ಲಿ ಅಪ್ಪ, ಅವ್ವ, ಅಕ್ಕ, ನಾನು ಇದ್ದೆವು. ನಾನು ಎರಡನೇ ಇಯತ್ತೆ ಓದುತ್ತಿದ್ದೆ. ಅಕ್ಕ ಶಾಲೆ ಬಿಟ್ಟು ಅವ್ವನಿಗೆ ಸಮನಾಗಿ ಮನೆಗೆಲಸ ಮಾಡುತ್ತಿದ್ದಳು. ಅವಳ ಕೈ ಗಟ್ಟಿ, ಬಾಯಿ ಅದಕ್ಕಿಂತ ಗಟ್ಟಿ.

ಹಿಂದಿನ ಮಳೆಗಾಲದಲ್ಲಿ ಮೇಲಿನವರು ಅಪ್ಪನಿಗೆ ಒಂದು ಹೊಸ ಕೆಲಸ ಹೇಳಿದ್ದರು. ರಸ್ತೆಯ ಎರಡೂ ಬದಿಗೆ ಮಾವಿನ ಗಿಡ ನೆಡಬೇಕು, ಎತ್ತು ಮನುಷ್ಯರಿಗೆ ನೆರಳಾಗಬೇಕು ಎಂದು. ಅಪ್ಪನಿಗೆ ಈ ಕೆಲಸ ಬಹಳ ಇಷ್ಟವಾಯಿತು. ಹೊಂಡ ಎಷ್ಟು ತುಂಬಿದರೂ ಮತ್ತೆ ಬೀಳುತ್ತದೆ, ಗಿಡ ಹಾಗಲ್ಲ, ನೆಟ್ಟರೆ ಬೆಳೆಯುತ್ತದೆ ಎಂದು ನಗುತ್ತಿದ್ದ. ಒಂದೊಂದು ಗಿಡಕ್ಕೂ ದನ ತಿನ್ನದ ಹಾಗೆ ಮುಳ್ಳಿನ ಬೇಲಿ ಕಟ್ಟಿದ. ಗಾಳಿಗೆ ಬೀಳದ ಹಾಗೆ ಒಂದೊಂದು ಗೂಟ ಹೊಡೆದ. ತೋಳಿನಷ್ಟು ದಪ್ಪ, ಅಪ್ಪನ ಎದೆಯಷ್ಟು ಎತ್ತರದ ಗಟ್ಟಿ ಕಟ್ಟಿಗೆಯ ಗೂಟ. ಮೊದಲು ಹಾರೆಯಿಂದ ತೂತು ಮಾಡಿ, ಅದರಲ್ಲಿ ಗೂಟ ಇಳಿಸಿ, ಮೇಲಿಂದ ಕೊಡತಿಯಲ್ಲಿ ಬಡಿಯಬೇಕು. ಕೊಡತಿ ಎಂದರೆ ಮರದ ದೊಡ್ಡ ಸುತ್ತಿಗೆ. ಆಮೇಲೆ ನೀರಲ್ಲಿ ನೆನೆಸಿದ ಬಾಳೆನಾರನ್ನು ಗಿಡಕ್ಕೂ ಗೂಟಕ್ಕೂ ನಡುವೆ ಒಮ್ಮೆ ತಿರುಚಿ ಸಡಿಲಾಗಿ ಕಟ್ಟುತ್ತಿದ್ದ. ಕಟ್ಟು ಬಿಗಿಯಾದರೆ ಸಿಪ್ಪೆ ಕೊರೆದು ಗಿಡ ಸಾಯುತ್ತದೆ. ಸ್ವಲ್ಪ ಅಲ್ಲಾಡುವಷ್ಟು ಬಿಟ್ಟರೆ ಗಿಡ ತನ್ನ ಕಾಲು ತಾನೇ ಗಟ್ಟಿ ಮಾಡಿಕೊಳ್ಳುತ್ತದೆ.

ಬೇಸಿಗೆಯಿಡೀ ಆ ಗಿಡಗಳಿಗೆ ನೀರು ಹೊತ್ತವರು ನಾವು, ಅಂದರೆ ಅಕ್ಕ ಮತ್ತು ನಾನು. ಹಳ್ಳದಲ್ಲಿ ಕೊಡ ತುಂಬಿಕೊಂಡು ಬಂದು ಬುಡಕ್ಕೆ ಸುರಿದರೆ ಒಣಗಿದ ಮಣ್ಣು ಗುಟುಗುಟು ಎಂದು ಕುಡಿಯುವ ಸದ್ದು ಕೇಳುತ್ತಿತ್ತು. ಗಿಡಗಳು ನನ್ನ ಹಾಗೆಯೇ ಸಪೂರ, ನನಗಿಂತ ಎತ್ತರ. ತುದಿಯಲ್ಲಿ ಮೂಡಿದ ಹೊಸ ಎಲೆಗಳಿಗೆ ಹಸಿರಲ್ಲ, ತಾಮ್ರದ ಬಣ್ಣ. ನಾನು ಒಂದೊಂದಕ್ಕೆ ಒಂದೊಂದು ಹೆಸರಿಟ್ಟಿದ್ದೆ. ಘಟ್ಟದ ತಲೆಯ ಹತ್ತಿರ ತೀರಾ ಕುಳ್ಳಗೆ ಉಳಿದಿದ್ದ ಒಂದಕ್ಕೆ ‘ಪುಟ್ಟಿ’ ಎಂದು ಹೆಸರು.

ಆ ವರ್ಷ ವೈಶಾಖದಲ್ಲಿ ಅಪ್ಪನಿಗೆ ಚಳಿಜ್ವರ ಹಿಡಿಯಿತು. ನಮ್ಮ ಕಡೆ ಆಗ ಅದು ಯಾರ ಮನೆಯನ್ನೂ ಬಿಡುತ್ತಿರಲಿಲ್ಲ. ದಿನ ಬಿಟ್ಟು ದಿನ ಬರುತ್ತಿತ್ತು. ಮೊದಲು ಹಲ್ಲು ಕಟಕಟ ಕಡಿಯುವ ಚಳಿ, ಮನೆಯಲ್ಲಿದ್ದ ಕಂಬಳಿ ಗೋಣಿ ಎಲ್ಲ ಹೊದೆಸಿದರೂ ನಿಲ್ಲದ ನಡುಕ, ಆಮೇಲೆ ಮುಟ್ಟಿದರೆ ಸುಡುವ ಮೈ, ಕೊನೆಗೆ ಬೆವರು. ಯಲ್ಲಾಪುರದ ದವಾಖಾನೆಯಿಂದ ತಂದ ಕಹಿ ಪುಡಿಯನ್ನು ಅವ್ವ ಬೆಲ್ಲದಲ್ಲಿ ಮುಚ್ಚಿ ನುಂಗಿಸುತ್ತಿದ್ದಳು. ಅಪ್ಪ ರಸ್ತೆಗೆ ಹೋಗದೆ ಬಹಳ ದಿನವಾಗಿತ್ತು. ಮೇಲ್ವಿಚಾರಣೆಯ ಮೇಸ್ತ್ರಿಗಳು ಒಮ್ಮೆ ಬಾಗಿಲಲ್ಲಿ ನಿಂತು ಹೇಳಿ ಹೋಗಿದ್ದರು. “ನಿನ್ನ ಜ್ವರ ನಂಗೆ ಅರ್ಥ ಆಗ್ತದೆ ಮಾರಾಯಾ. ಆದ್ರೆ ಮೊದಲ ಮಳೆಗೆ ಗಿಡ ಎಲ್ಲ ಮಲಗಿದ್ರೆ ನಾನು ಬೇರೆಯವರನ್ನ ಇಡಬೇಕಾಗ್ತದೆ.” ಬೇರೆಯವರನ್ನು ಇಟ್ಟರೆ ಗುಡಿಸಲೂ ಅವರದೇ. ಅದನ್ನು ಅವರು ಹೇಳಲಿಲ್ಲ, ನಮಗೇ ಗೊತ್ತಿತ್ತು.

ನಾನು ಹೇಳಬೇಕೆಂದಿರುವುದು ಇದಾದ ಕೆಲವು ದಿನಗಳ ಮೇಲಿನ ಒಂದು ದಿನದ ಕತೆ.

ಅವತ್ತು ಬೆಳಗ್ಗೆಯೇ ಸೆಖೆ. ಗಾಳಿ ಒಂದು ಎಲೆಯನ್ನೂ ಅಲ್ಲಾಡಿಸುತ್ತಿರಲಿಲ್ಲ. ಇರುವೆಗಳು ಬಿಳಿ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತುತ್ತಿದ್ದವು. ಅಪ್ಪ ಕಂಬಳಿಯೊಳಗಿನಿಂದಲೇ ಬಾಗಿಲ ಕಡೆ ನೋಡಿ, “ಇವತ್ತು ಗಾಳಿಮಳೆ ಬತ್ತದೆ. ನಾನು ಒಂದ್ಸಲ ಘಟ್ಟದ ತಲೆ ತನಕ ಹೋಗಿ ಬತ್ತೆ” ಎಂದು ಎದ್ದು ಕೂತ. ಎದ್ದು ಕೂತದ್ದಷ್ಟೇ. ನಡುಕ ಬಂತು, ಮತ್ತೆ ಬಿದ್ದ. ಅಕ್ಕ ಮೂಲೆಯಲ್ಲಿದ್ದ ಹಾರೆ ಎತ್ತಿ ಹೆಗಲಿಗೇರಿಸಿದಳು. ಕೊಡತಿಯನ್ನು ನನ್ನ ಕೈಗೆ ಕೊಟ್ಟಳು. ನೆನೆಹಾಕಿದ ಬಾಳೆನಾರನ್ನು ಸೊಂಟಕ್ಕೆ ಸುತ್ತಿಕೊಂಡಳು.

“ಎಲ್ಲಿಗೆ ಹೊರಟ್ರಿ?” ಎಂದಳು ಅವ್ವ.

“ಗಿಡ ನೋಡಿ ಬರ್ಲಿಕ್ಕೆ. ನೀ ಅಪ್ಪನ್ನ ಏಳ್ಲಿಕ್ಕೆ ಬಿಡಬೇಡ.”

ಮನೆಯ ಹತ್ತಿರದ ಗಿಡಗಳು ಚೆನ್ನಾಗಿದ್ದವು. ಕೆಲವಕ್ಕೆ ನಾರು ಒಣಗಿ ಕಡಿದಿತ್ತು, ಹೊಸದು ಕಟ್ಟಿದೆವು. ಅಕ್ಕ ಗಿಡ ಹಿಡಿಯುವುದು, ನಾನು ಗಂಟು ಹಾಕುವುದು. ಕೊಡತಿ ನನಗೆ ಭಾರ. ಹೆಗಲು ಬದಲಿಸಿ ಬದಲಿಸಿ ಹೊತ್ತೆ. ಇಳಿಜಾರು ಹತ್ತಿರವಾಗುತ್ತಿದ್ದ ಹಾಗೆ ಅಕ್ಕನ ಹೆಜ್ಜೆ ನಿಂತಿತು.

ಒಂದು ಗಿಡಕ್ಕೆ ಗೂಟವೇ ಇರಲಿಲ್ಲ. ಬೇಲಿಯ ಮುಳ್ಳನ್ನು ಯಾರೋ ಬದಿಗೆ ಸರಿಸಿದ್ದರು. ಗೂಟ ಇದ್ದಲ್ಲಿ ದುಂಡಗಿನ ತೂತು ಬಾಯಿ ಬಿಟ್ಟುಕೊಂಡಿತ್ತು. ಗಿಡ ನಡು ಬಗ್ಗಿಸಿ ಮುಳ್ಳಿಗೆ ಒರಗಿ ನಿಂತಿತ್ತು. ಅದರ ಮುಂದಿನದಕ್ಕೂ ಇಲ್ಲ, ಎದುರು ಬದಿಯದಕ್ಕೂ ಇಲ್ಲ. ಘಟ್ಟದ ತಲೆ ಹತ್ತಿರವಾದಷ್ಟೂ ಬರೀ ತೂತುಗಳೇ. ಪುಟ್ಟಿಯದೂ ಹೋಗಿತ್ತು. ನನಗೆ ಅಳು ಬಂತು. ಅಕ್ಕನಿಗೆ ಸಿಟ್ಟು ಬಂತು. ಅವಳ ಮುಖ ಮಣ್ಣಿಗಿಂತ ಕೆಂಪಾಯಿತು.

“ಗಾಡಿಯವರೇ” ಎಂದಳು. “ಗಾಡಿಯವರಲ್ಲದೆ ಇನ್ಯಾರು?”

ಅಷ್ಟರಲ್ಲಿ ರಸ್ತೆ ಇಳಿಯತೊಡಗುವ ತಿರುವಿನಲ್ಲೇ ಒಂದು ಗಾಡಿ ಕಂಡಿತು. ಮೂಡಣ ಬಯಲು ಸೀಮೆಯಿಂದ ಜೋಳ, ಮೆಣಸಿನಕಾಯಿ ಹೇರಿಕೊಂಡು ಸಮುದ್ರದ ಕಡೆ ಹೋಗುವ ಗಾಡಿ. ಮುಖ ಇಳಿಜಾರಿನ ಕಡೆಗೆ. ಕೆಂಪು ರುಮಾಲು ಸುತ್ತಿದ ಒಬ್ಬ ಮುದುಕರು ಎತ್ತಿನ ಮುಂದೆ ನಿಂತು, ಹರಿದುಹೋದ ನೊಗದ ಹಗ್ಗವನ್ನು ಗಂಟು ಹಾಕುತ್ತಿದ್ದರು. ಚೀಲಗಳ ಮೇಲೆ ಸಣ್ಣ ಹುಡುಗನೊಬ್ಬ ಬಾಯಿ ತೆರೆದು ನಿದ್ದೆ ಹೋಗಿದ್ದ. ಗಾಡಿ ಮುಂದೆ ಜಾರದ ಹಾಗೆ ಎರಡು ಗಾಲಿಗಳಿಗೂ ಅಡ್ಡವಾಗಿ ಒಂದೊಂದು ಗೂಟ ಇಟ್ಟಿದ್ದರು. ಒಂದರ ತುದಿಯಲ್ಲಿ ನಾನು ಕಟ್ಟಿದ ಬಾಳೆನಾರಿನ ಗಂಟು ಹಾಗೇ ಇತ್ತು.

ಅಕ್ಕ ಹಾರೆ ಕೆಳಗೆ ಹಾಕಿ ಓಡಿದಳು. “ನಮ್ಮ ಗಿಡದ ಗೂಟ!” ಎಂದು ಕೂಗಿ ಹತ್ತಿರದ ಗಾಲಿಯ ಕೆಳಗಿನ ಗೂಟವನ್ನು ಎರಡೂ ಕೈಯಿಂದ ಜಗ್ಗಿದಳು.

“ತಂಗೀ! ತಗೀಬ್ಯಾಡ! ತಗೀಬ್ಯಾಡವ್ವಾ!” ಎಂದು ಮುದುಕರು ಕಿರುಚಿದರು. ಅಷ್ಟರಲ್ಲಿ ಗೂಟ ಅವಳ ಕೈಗೆ ಬಂದಾಗಿತ್ತು.

ಮಕ್ಕಳೇ, ತುಂಬಿದ ಗಾಡಿ ಉರುಳಲು ಹೊರಡುವ ಸದ್ದು ನೀವು ಕೇಳಿಲ್ಲ. ಮೊದಲು ದೊಡ್ಡದಾಗಿ ಏನೂ ಕೇಳುವುದಿಲ್ಲ. ಕಬ್ಬಿಣದ ಪಟ್ಟಿಯ ಕೆಳಗೆ ಮರಳು ಸಣ್ಣಗೆ ಕರಕರ ಎನ್ನುತ್ತದೆ. ಆ ಬದಿಯ ಗಾಲಿ ಮುಂದೆ ಸರಿಯಿತು. ಇನ್ನೊಂದು ಗಾಲಿ ಗೂಟಕ್ಕೆ ತಡೆದು ನಿಂತೇ ಇದ್ದುದರಿಂದ ಗಾಡಿ ತಿರುಗಿತು, ಕಣಿವೆಯ ಕಡೆಗೆ. ಎತ್ತುಗಳು ಕಾಲೂರಿ ಹಿಂದಕ್ಕೆ ಒತ್ತಿಕೊಂಡವು, ಗೊರಸು ಜಾರಿತು. ಮುದುಕರು ನೊಗಕ್ಕೆ ಎದೆ ಕೊಟ್ಟು ನಿಂತರು. ಅಕ್ಕ ಗೂಟ ಹಿಡಿದುಕೊಂಡು ಕಲ್ಲಿನ ಹಾಗೆ ನಿಂತುಬಿಟ್ಟಿದ್ದಳು. ನನಗೆ ಕಂಡದ್ದು ಎರಡೇ, ಉರುಳುವ ಗಾಲಿ ಮತ್ತು ನನ್ನ ಕೈಯಲ್ಲಿದ್ದ ಕೊಡತಿ. ನಾನು ಓಡಿ ಹೋಗಿ ಅದನ್ನು ಗಾಲಿಯ ಮುಂದೆ ತುರುಕಿ ಹಿಂದೆ ಹಾರಿದೆ.

ಪಟ್ಟನೆ ಸದ್ದಾಯಿತು. ಕೊಡತಿಯ ತಲೆ ಮೇಲಿಂದ ಕೆಳಗೆ ಸೀಳಿತು. ಆದರೆ ಗಾಲಿ ನಿಂತಿತು. ಮುದುಕರು ಉಸಿರು ಬಿಡದೆ, “ಕಟ್ಟಿಗಿ ಇಡು ತಂಗಿ, ಕಟ್ಟಿಗಿ ಇಡು” ಎಂದಾಗ ಅಕ್ಕನಿಗೆ ಜೀವ ಬಂದ ಹಾಗಾಗಿ, ಬಗ್ಗಿ ಗೂಟವನ್ನು ಮತ್ತೆ ಅದರ ಜಾಗದಲ್ಲಿ ಇಟ್ಟಳು. ಚೀಲದ ಮೇಲಿದ್ದ ಹುಡುಗ ಮಗ್ಗುಲು ಬದಲಿಸಿದ. ಅವನಿಗೆ ಎಚ್ಚರವೇ ಆಗಲಿಲ್ಲ.

ಅಕ್ಕ ರಸ್ತೆಯ ಬದಿಯಲ್ಲಿ ಕುಸಿದು ಕೂತಳು. ನಾನು ಅವಳನ್ನು ಹಾಗೆ ನೋಡಿದ್ದು ಅದೇ ಮೊದಲು. ಮುದುಕರು ಎತ್ತುಗಳ ಮೈ ಸವರಿ, ಹುಡುಗನ ತಲೆ ಮುಟ್ಟಿ ನೋಡಿ, ಬಂದು ಅವಳ ಪಕ್ಕ ಕೂತರು. ಬಯ್ಯುತ್ತಾರೆಂದು ನಾನು ಹೆದರಿದ್ದೆ. ಅವರು ಸೋರೆಬುರುಡೆಯಿಂದ ನೀರು ಕೊಟ್ಟರು.

“ಕುಡಿ ಅವ್ವಾ. ಅವ ನನ್ನ ಮೊಮ್ಮಗ. ಇವನ್ನ ಬಿಟ್ಟ್ರ ನನಗ ಯಾರೂ ಇಲ್ಲ” ಎಂದರು. ಸ್ವಲ್ಪ ತಡೆದು, “ಗಿಡದ ಗೂಟ ಕೀಳೂದು ತಪ್ಪು ಅಂತ ನನಗೂ ಗೊತ್ತೈತಿ. ಆದ್ರ ಏನ್ ಮಾಡ್ಲಿ? ಕಾಡಿನಾಗ ಒಂದು ಕೊಂಬಿ ಕಡಿದ್ರ ಗಾರ್ಡ ಹಿಡೀತಾನ. ಅಡ್ಡಗಟ್ಟಿಗಿ ಇಲ್ಲದ ಈ ಘಟ್ಟ ಇಳಿಯಾಕ ಆಗೂದಿಲ್ಲ” ಎಂದರು.

ಅಕ್ಕ ನೀರು ಕುಡಿದು ಬಾಯಿ ಒರೆಸಿಕೊಂಡಳು. “ಗೂಟ ಇಲ್ದೆ ನಮ್ಮ ಗಿಡ ಬೀಳ್ತದೆ ಅಜ್ಜ. ಗಿಡ ಬಿದ್ರೆ ನಮ್ಮಪ್ಪನ ಕೆಲಸ ಹೋತದೆ. ಅಪ್ಪ ಜ್ವರದಲ್ಲಿ ಮಲಗಿದ್ದ” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇಬ್ಬರೂ ಆ ಎರಡು ಗೂಟಗಳನ್ನು ನೋಡುತ್ತ ಕೂತರು. ಯಾರು ತೆಗೆದುಕೊಂಡರೂ ಇನ್ನೊಬ್ಬರಿಗೆ ಕಷ್ಟ.

ಆಗ ಕೆಳಗಿನಿಂದ ಗೆಜ್ಜೆ ಸದ್ದು ಕೇಳಿತು. ಉಪ್ಪು ಹೇರಿಕೊಂಡು ಘಟ್ಟ ಹತ್ತುತ್ತಿದ್ದ ಗಾಡಿ. ಹೊಡೆಯುತ್ತಿದ್ದವರು ಯಲ್ಲಾಪುರದ ಸಾಹೇಬರು. ಅಪ್ಪನಿಗೆ ಬಹಳ ಗುರುತಿನವರು. ನಾವು ಅವರನ್ನು ಚಾಚಾ ಎನ್ನುತ್ತಿದ್ದೆವು. ವಾರ ವಾರವೂ ಅದೇ ದಾರಿ. ಎತ್ತುಗಳು ಬಾಯಲ್ಲಿ ನೊರೆ ಸುರಿಸುತ್ತ ನಾಲ್ಕು ಹೆಜ್ಜೆ ಎಳೆದು ನಿಲ್ಲುತ್ತಿದ್ದವು. ನಿಂತ ಕೂಡಲೇ ಚಾಚಾ ಗಾಲಿಯ ಹಿಂದೆ ಒಂದು ದಪ್ಪ ಕಟ್ಟಿಗೆ ಇಡುತ್ತಿದ್ದರು. ಮತ್ತೆ ಹೊರಡುವಾಗ ಎತ್ತಿಕೊಳ್ಳುತ್ತಿದ್ದರು. ಹತ್ತುವ ಗಾಡಿಗೂ ಜಾರುವ ಭಯ ಇದೆಯಲ್ಲ.

“ಅರೆ! ನಮ್ಮ ಗ್ಯಾಂಗಿನವನ ಮಕ್ಕಳಲ್ಲವಾ! ಯಾಕೆ ಇಲ್ಲಿ ಕೂತಿದ್ದೀರಿ?” ಎಂದರು ಚಾಚಾ. ಅಕ್ಕ ಎಲ್ಲವನ್ನೂ ಹೇಳಿದಳು. ತಾನು ಗೂಟ ಜಗ್ಗಿದ್ದನ್ನೂ ಬಿಡದೆ ಹೇಳಿದಳು. ಚಾಚಾ ಸೀಳಿದ ಕೊಡತಿಯನ್ನು ತಿರುಗಿಸಿ ತಿರುಗಿಸಿ ನೋಡಿ ನನ್ನ ತಲೆಯ ಮೇಲೆ ಕೈ ಇಟ್ಟರು. ಅವರ ಕೈಯಿಂದ ಉಪ್ಪಿನ ವಾಸನೆ ಬರುತ್ತಿತ್ತು.

ನನಗೆ ಮಾತ್ರ ತಲೆಯಲ್ಲಿ ಒಂದೇ ಪ್ರಶ್ನೆ. “ಅಜ್ಜ, ಘಟ್ಟ ಇಳಿದ ಮೇಲೆ ಗೂಟ ಎಂತ ಮಾಡ್ತೀರಿ?” ಎಂದು ಕೇಳಿದೆ.

“ಏನ್ ಮಾಡೂದು? ಅಲ್ಲೇ ಒಗೀತೀವಿ. ಸಪಾಟ ರಸ್ತೆದಾಗ ಅದ್ರ ಕೆಲಸ ಏನೈತಿ?”

“ಹೌದು ಹೌದು” ಎಂದರು ಚಾಚಾ. “ಕೆಳಗೆ ಹಳ್ಳದ ಹತ್ತಿರ ರಾಶಿ ಬಿದ್ದಿದೆ. ಇದನ್ನೂ ನಾನು ಅಲ್ಲಿಂದಲೇ ಎತ್ತಿಕೊಂಡದ್ದು.”

“ಹಾಗಾದ್ರೆ ಹತ್ತಿ ಬರುವವರೆಲ್ಲ ಅದನ್ನ ಇಲ್ಲಿಗೆ ತರಬಹುದಲ್ಲ? ಇಳಿಯುವವರು ಇಲ್ಲಿಂದ ತಗೊಂಡು ಹೋಗಬಹುದಲ್ಲ?”

ಮೂವರೂ ನನ್ನ ಕಡೆ ನೋಡಿದರು. ಏನೋ ತಪ್ಪು ಹೇಳಿದೆನೇನೋ ಎಂದು ನಾನು ಅಕ್ಕನ ಹಿಂದೆ ಸರಿದೆ. ಚಾಚಾ ಜೋರಾಗಿ ನಕ್ಕುಬಿಟ್ಟರು. ತಮ್ಮ ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ಎಳೆಸಿ, ಗಾಲಿಗಿಟ್ಟಿದ್ದ ಕಟ್ಟಿಗೆಯನ್ನೂ, ಗಾಡಿಯ ಕೆಳಗೆ ಕಟ್ಟಿಕೊಂಡಿದ್ದ ಇನ್ನೊಂದನ್ನೂ ತಂದು ಮುದುಕರ ಮುಂದೆ ಹಾಕಿದರು. “ನಂದು ಹತ್ತಿ ಆಯ್ತು. ಇನ್ನು ಇದು ನಿಮ್ಮದು. ಮಕ್ಕಳ ಗೂಟ ಮಕ್ಕಳಿಗೆ ಕೊಡಿ.”

ಆ ಹೊತ್ತಿಗೆ ಮೂಡಣ ದಿಕ್ಕು ಕಪ್ಪಾಗಿತ್ತು. ಇಂಥ ಮೋಡ ಇಟ್ಟುಕೊಂಡು ಘಟ್ಟ ಇಳಿಯುವುದು ಬೇಡ ಎಂದು ಚಾಚಾ ಹೇಳಿದರು. ಮುದುಕರು ಒಪ್ಪಿ, ಗಾಡಿಯನ್ನು ಮೆಲ್ಲಗೆ ತಿರುಗಿಸಿ ಮೇಲೆ ತಂದರು. ಎತ್ತುಗಳನ್ನು ಬಿಚ್ಚಿ ಕಟ್ಟಿ, ರುಮಾಲು ಬಿಗಿ ಮಾಡಿಕೊಂಡು, “ಹಾರಿ ಇತ್ತಾಗ ಕೊಡು ತಂಗಿ” ಎಂದು ಅಕ್ಕನ ಕೈಯಿಂದ ಹಾರೆ ತೆಗೆದುಕೊಂಡರು. ಅವರು ತೂತು ಆಳ ಮಾಡಿದರು, ಚಾಚಾ ಗೂಟ ಇಳಿಸಿ ಕಲ್ಲಿನಿಂದ ಬಡಿದರು, ಅಕ್ಕ ಗಿಡ ನೆಟ್ಟಗೆ ಹಿಡಿದಳು, ನಾನು ಕಟ್ಟಿದೆ. ಚಾಚಾ ಬಿಗಿಯಾಗಿ ಎಳೆಯಲು ಹೋದರೆ, “ಅಷ್ಟು ಬಿಗಿ ಬೇಡ, ಅದಕ್ಕೆ ನೋವಾಗ್ತದೆ” ಎಂದು ನಾನು ಅಪ್ಪನ ಹಾಗೆ ಗದರಿದೆ. ಆದರೆ ಇದ್ದದ್ದು ಎರಡೇ ಗೂಟ. ಬರಿಯ ತೂತಿನ ಗಿಡಗಳು ಇನ್ನೂ ಇದ್ದವು. ಹಾರೆಯನ್ನೇ ಒಂದಕ್ಕೆ ಗೂಟ ಮಾಡಿದೆವು. ಚಾಚಾ ಗಾಡಿಯ ಬದಿಯ ಒಂದು ಬಿದಿರು ಕೋಲು ಕಿತ್ತು ತಂದರು. ಆಮೇಲೆ ಬೇರೇನೂ ಉಳಿಯಲಿಲ್ಲ.

ಗಾಳಿ ಬಂತು. ಮೊದಲು ದೂರದ ಕಾಡಿನಲ್ಲಿ ಹಳ್ಳ ಹರಿದ ಹಾಗೆ ಸದ್ದು, ಆಮೇಲೆ ರಸ್ತೆಯ ಧೂಳೆಲ್ಲ ಎದ್ದು ಕೆಂಪು ಗೋಡೆಯ ಹಾಗೆ ಬಂತು. ಕಣ್ಣು ಬಿಡಲು ಆಗಲಿಲ್ಲ. ಗಿಡಗಳು ನೆಲಕ್ಕೆ ತಲೆ ತಾಗಿಸುವಷ್ಟು ಬಗ್ಗಿದವು. ಅಕ್ಕ ಬೇಲಿಯ ಮುಳ್ಳು ಸರಿಸಿ ಒಳಗೆ ನುಗ್ಗಿ ಒಂದು ಗಿಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಅವಳನ್ನು ನೋಡಿ ಚಾಚಾ ಎದುರಿನದನ್ನು ಹಿಡಿದರು. ಮುದುಕರು ಮತ್ತೊಂದನ್ನು. ನಾನು ಪುಟ್ಟಿಯ ಹತ್ತಿರ ಓಡಿದೆ.

ಗುಡುಗಿಗೆ ಆ ಹುಡುಗ ಕೊನೆಗೂ ಎದ್ದ. ಎದ್ದವನೇ, ಎಲ್ಲಿದ್ದೇನೆ ಎಂದು ತಿಳಿಯದೆ ಗೋಳೋ ಎಂದು ಅಳತೊಡಗಿದ. ಮುದುಕರು ಗಿಡ ಬಿಡಲಾರರು, ಮೊಮ್ಮಗನನ್ನು ಅಳಲು ಬಿಡಲಾರರು. “ಇಳದ ಬಾರೋ! ಆ ಸಣ್ಣ ಅಕ್ಕನ ಹತ್ರ ಹೋಗು. ಗಿಡ ಹಿಡ್ಕೊ, ಬಿಡಬ್ಯಾಡ” ಎಂದು ಕೂಗಿದರು. ಹುಡುಗ ಚೀಲದಿಂದ ಜಾರಿ ಇಳಿದು, ಮೂಗು ಒರೆಸಿಕೊಳ್ಳುತ್ತ ಬಂದು, ನನ್ನ ಕೈಯ ಕೆಳಗೆ ತನ್ನ ಎರಡು ಕೈ ಇಟ್ಟು ಪುಟ್ಟಿಯನ್ನು ಹಿಡಿದ. ಹಿಡಿದ ಕೂಡಲೇ ಅವನ ಅಳು ನಿಂತಿತು. ನನ್ನನ್ನು ಅದುವರೆಗೆ ಯಾರೂ ಸಣ್ಣ ಅಕ್ಕ ಎಂದಿರಲಿಲ್ಲ.

ಮಳೆ ಬಿತ್ತು. ದಪ್ಪ ಹನಿ, ಆಮೇಲೆ ಆಲಿಕಲ್ಲು. ತಲೆಯ ಮೇಲೆ, ಹೆಗಲ ಮೇಲೆ ಟಪಟಪ ಬಡಿಯಿತು. ಬಿಸಿಯಾದ ಮಣ್ಣಿಗೆ ನೀರು ಬಿದ್ದು ಏಳುವ ಆ ಪರಿಮಳ ಮೂಗು ತುಂಬಿತು. ಹುಡುಗನಿಗೆ ಆಲಿಕಲ್ಲು ಎಂದರೆ ಏನೆಂದೇ ಗೊತ್ತಿಲ್ಲ. ಒಂದು ಕೈ ಬಿಟ್ಟು ಒಂದನ್ನು ಹೆಕ್ಕಿ ಬಾಯಿಗೆ ಹಾಕಿಕೊಂಡು ಕಣ್ಣರಳಿಸಿದ. ನನಗೆ ನಗು ಬಂತು. ನನ್ನ ಅಂಗೈಯೊಳಗೆ ಪುಟ್ಟಿಯ ಕಾಂಡ ನಡುಗುತ್ತಿತ್ತು. ಗಾಳಿ ಎಳೆದಾಗ ಅದು ಎಳೆಯುತ್ತಿತ್ತು, ಗಾಳಿ ಬಿಟ್ಟಾಗ ತಾನಾಗಿ ನೆಟ್ಟಗಾಗುತ್ತಿತ್ತು. ಇಷ್ಟು ಸಣ್ಣ ಗಿಡಕ್ಕೆ ಇಷ್ಟು ಹಟವಿದೆ ಎಂದು ಹೊರಗೆ ನಿಂತು ನೀರು ಹಾಕುವಾಗ ನನಗೆ ಗೊತ್ತಾಗಿರಲಿಲ್ಲ.

ಮಳೆ ಬಂದ ಹಾಗೆಯೇ ಹೋಯಿತು. ಮೋಡದ ಸಂದಿಯಿಂದ ಸಂಜೆಯ ಬಿಸಿಲು ಬಿತ್ತು. ನಾವೆಲ್ಲ ಒಬ್ಬರನ್ನೊಬ್ಬರು ನೋಡಿದೆವು. ಚಾಚಾನ ಗಡ್ಡದಿಂದ ನೀರು ತೊಟ್ಟಿಕ್ಕುತ್ತಿತ್ತು. ಅಕ್ಕನ ತೋಳಿನ ತುಂಬ ಮುಳ್ಳಿನ ಗೀರು. ಅಜ್ಜನ ಕೆಂಪು ರುಮಾಲು ಬಣ್ಣ ಬಿಟ್ಟು ಹಣೆ ಕೆನ್ನೆ ಎಲ್ಲ ಕೆಂಪು.

ಅಷ್ಟರಲ್ಲಿ ಊರ ಕಡೆಯಿಂದ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು, ಕೋಲೂರಿಕೊಂಡು ಅಪ್ಪ ಬಂದ. ಹಿಂದೆಯೇ ಅವ್ವ, “ಹೇಳಿದ್ದು ಕೇಳುವ ಜೀವವೇ ಅಲ್ಲ ಇದು” ಎಂದು ಬಯ್ಯುತ್ತ. ಜ್ವರ ಬಿಟ್ಟು ಬೆವರು ಬಂದ ಕೂಡಲೇ ಎದ್ದು ಹೊರಟಿದ್ದನಂತೆ. ಅಪ್ಪ ಒಂದೊಂದೇ ಗಿಡದ ಹತ್ತಿರ ನಿಂತು ಕಟ್ಟು ಮುಟ್ಟಿ ನೋಡಿದ. ಒಂದು ಮಾತ್ರ ನಡುವಿಗೆ ಮುರಿದಿತ್ತು. ಅದನ್ನು ಹಿಡಿಯಲು ನಮ್ಮಲ್ಲಿ ಕೈ ಉಳಿದಿರಲಿಲ್ಲ. ಉಳಿದವೆಲ್ಲ ನಿಂತಿದ್ದವು.

ಅಕ್ಕ ಅಪ್ಪನ ಎದುರು ಹೋಗಿ ನಿಂತು, ತಲೆ ತಗ್ಗಿಸಿ, ಗಾಲಿಯ ಗೂಟ ಎಳೆದದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೆ ಅಳು ಬಂತು. ಅಪ್ಪ ಮೊದಲು ಅಜ್ಜನ ಕಡೆ ತಿರುಗಿ, “ಎತ್ತಿಗೆ ಪೆಟ್ಟಾಗಲಿಲ್ಲವಲ್ಲ?” ಎಂದು ಕೇಳಿದ. ಹುಡುಗನನ್ನು ನೋಡಿದ. ಆಮೇಲೆ ಕಂಬಳಿಯ ತುದಿಯಿಂದ ಅಕ್ಕನ ಮುಖ ಒರೆಸಿದ.

“ಗಿಡ ಬಿದ್ರೆ ಮತ್ತೊಂದು ನೆಡಬಹುದು ಮಗಾ” ಎಂದ. ಅಷ್ಟೇ ಹೇಳಿದ.

ಚಾಚಾ ಕತ್ತಲಾಗುವ ಮೊದಲೇ ಯಲ್ಲಾಪುರದ ದಾರಿ ಹಿಡಿದರು. ಹೋಗುವಾಗ ಒಂದು ಹಿಡಿ ಉಪ್ಪು ಅವ್ವನ ಸೆರಗಿಗೆ ಹಾಕಿದರು. ಅಜ್ಜ ಮತ್ತು ಮೊಮ್ಮಗ ಅಂದು ನಮ್ಮಲ್ಲೇ ಉಳಿದರು. ಅಜ್ಜ ಗಾಡಿಯಿಂದ ಜೋಳದ ಹಿಟ್ಟು ತೆಗೆದು, ಒಲೆಯ ಮುಂದೆ ಕೂತು ಅಂಗೈಯಲ್ಲೇ ರೊಟ್ಟಿ ಬಡಿದರು. ಅನ್ನ ಉಣ್ಣುವ ನಮಗೆ ಅದು ಹೊಸದು. ಗಂಡಸು ರೊಟ್ಟಿ ಬಡಿಯುವುದು ಅವ್ವನಿಗೆ ಇನ್ನೂ ಹೊಸದು. ಅವಳು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ಬಿಸಿ ರೊಟ್ಟಿ, ಮೇಲೊಂದಿಷ್ಟು ಕೆಂಪು ಖಾರ. ಅಪ್ಪನ ಬಾಯಿ ಜ್ವರದಿಂದ ಸಪ್ಪೆಯಾಗಿತ್ತು. ಎಷ್ಟೋ ದಿನದ ಮೇಲೆ ಅವನು ಅಂದು ಹೊಟ್ಟೆ ತುಂಬ ಉಂಡ.

ಮರುದಿನ ಬೆಳಗ್ಗೆ ಅಜ್ಜ ಚಾಚಾ ಕೊಟ್ಟ ಕಟ್ಟಿಗೆಗಳನ್ನು ಗಾಲಿಗೆ ಹಿಡಿದು ಘಟ್ಟ ಇಳಿದರು. ಹುಡುಗ ಚೀಲದ ಮೇಲಿಂದ ಕೈ ಬೀಸುತ್ತಲೇ ಇದ್ದ. ಮುಂದಿನ ವಾರ ಚಾಚಾ ಉಪ್ಪಿನ ಜೊತೆಗೆ ಕೆಳಗೆ ಬಿದ್ದಿದ್ದ ಗೂಟಗಳನ್ನೂ ಹೇರಿಕೊಂಡು ಬಂದು ಘಟ್ಟದ ತಲೆಯಲ್ಲಿ ರಾಶಿ ಹಾಕಿದರು. ಅಪ್ಪ ಗಿಡಕ್ಕೆ ಬೇಕಾದ್ದನ್ನು ಆರಿಸಿಕೊಂಡು ಉಳಿದದ್ದನ್ನು ಅಲ್ಲೇ ಬಿಟ್ಟ. ಇಳಿಯುವವರಿಗೆ, “ಬೇಕಾದಷ್ಟು ತಗೊಳ್ಳಿ, ಕೆಳಗೆ ಹಳ್ಳದ ಹತ್ತಿರ ಇಡಿ” ಎಂದು ಹೇಳಿದ. ಹತ್ತಿ ಬಂದವರಿಗೆ, “ಬರುವಾಗ ಎತ್ತಿಕೊಂಡು ಬನ್ನಿ” ಎಂದ. ಕೆಲವರು ತಂದರು, ಕೆಲವರು ಮರೆತರು. ಒಬ್ಬಿಬ್ಬರು ಒಲೆಗೂ ಹಾಕಿದರು. ಆದರೂ ರಾಶಿ ಒಮ್ಮೆಯೂ ಪೂರ್ತಿ ಖಾಲಿಯಾಗಲಿಲ್ಲ. ಮತ್ತೆ ಯಾರೂ ಗಿಡದ ಬೇಲಿ ಸರಿಸಲಿಲ್ಲ.

ಮೇಸ್ತ್ರಿಗಳು ಬಂದಾಗ ಆ ರಾಶಿಯನ್ನು ನೋಡಿ, “ಇದೆಂತದು?” ಎಂದು ಹುಬ್ಬು ಗಂಟಿಕ್ಕಿದರು. ಅಪ್ಪ ತಡವರಿಸುತ್ತ ಹೇಳಿದ. ಅವರು ಕೇಳಿ, ಗಿಡಗಳ ಸಾಲನ್ನು ಒಮ್ಮೆ ಕೊನೆಯವರೆಗೆ ನೋಡಿ ಬಂದು, “ರಾಶಿ ಚರಂಡಿಗೆ ಅಡ್ಡ ಬರದ ಹಾಗೆ ಸ್ವಲ್ಪ ಈಚೆ ಹಾಕು” ಎಂದಷ್ಟೇ ಹೇಳಿ ಸೈಕಲ್ ಹತ್ತಿದರು. ಗುಡಿಸಲು ನಮಗೇ ಉಳಿಯಿತು.

ನಾವು ಅಲ್ಲಿ ಇನ್ನೂ ಕೆಲವು ವರ್ಷ ಇದ್ದೆವು. ಅಕ್ಕನ ಮದುವೆ ಆ ಗುಡಿಸಲಿನ ಎದುರೇ, ರಸ್ತೆಯ ಬದಿಯಲ್ಲಿ ಚಪ್ಪರ ಹಾಕಿ ಆಯಿತು. ಅವಳು ಸಿದ್ದಾಪುರದ ಹತ್ತಿರದ ಕೋಲಸಿರ್ಸಿಗೆ ಹೋದಳು. ಅಪ್ಪನಿಗೆ ಶಿರಸಿಯ ಕಡೆ ಕೆಲಸ ಹಾಕಿದಾಗ ನಾವೂ ಹೊರಟೆವು. ಹೊರಡುವ ದಿನ ಗಿಡಗಳು ಅಪ್ಪನಿಗಿಂತ ಎತ್ತರ ಬೆಳೆದಿದ್ದವು, ಗೂಟ ಬೇಕಾಗಿರಲಿಲ್ಲ. ಆದರೆ ಒಂದೂ ಹೂ ಬಿಟ್ಟಿರಲಿಲ್ಲ.

ಈಗ ಅದೇ ರಸ್ತೆಯಲ್ಲಿ ನೀವು ಬಸ್ಸಿನಲ್ಲಿ ಕೂತು ಸಮುದ್ರ ನೋಡಲು ಹೋಗುತ್ತೀರಿ. ಎತ್ತುಗಳು ನೊರೆ ಸುರಿಸಿ ಹತ್ತುತ್ತಿದ್ದ ಘಟ್ಟ ನಿಮ್ಮ ಒಂದು ನಿದ್ದೆಯೊಳಗೆ ಮುಗಿಯುತ್ತದೆ. ರಸ್ತೆ ಅಗಲ ಮಾಡುವಾಗ ಒಂದು ಬದಿಯ ಮರಗಳು ಹೋದವು, ಇನ್ನೊಂದು ಬದಿಯಲ್ಲಿ ಕೆಲವು ಉಳಿದಿವೆ. ನಿಮ್ಮ ಶಾಲೆಯಲ್ಲೂ ಗಿಡ ನೆಡುತ್ತಾರೆ. ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಗಿಡ ಬರುತ್ತದೆ, ಸುತ್ತ ಕಬ್ಬಿಣದ ಪಂಜರ, ಅದರ ಮೇಲೆ ಬಣ್ಣದಲ್ಲಿ ನಿಮ್ಮ ಹೆಸರು. ಚೆನ್ನಾಗಿದೆ. ನನ್ನ ಮೊಮ್ಮಗಳ ಹೆಸರಿನ ಗಿಡವನ್ನು ನಾನೂ ಹೋಗಿ ನೋಡಿ ಬಂದೆ. ಆಟಿಕೆ, ಪೆನ್ಸಿಲು, ಕುರ್ಚಿ, ಎಲ್ಲದರ ಮೇಲೂ ಹೆಸರು ಬರೆದಿಡುವ ಹುಡುಗಿ ಅವಳು.

ಈ ಕತೆಯನ್ನು ಮೊದಲ ಸಲ ಕೇಳಿದಾಗ ಅವಳು ಕೇಳಿದ್ದು, “ಅಜ್ಜಿ, ಆ ಮಾವಿನ ಗಿಡಗಳು ಯಾರದ್ದು? ನಿಮ್ಮದಾ?”

“ಅಲ್ಲ.”

“ಹಾಗಾದ್ರೆ ಚಾಚಾ ಅವರದ್ದಾ? ಆ ಗಾಡಿ ಅಜ್ಜಂದಾ?”

“ಅವರದ್ದೂ ಅಲ್ಲ ಪುಟ್ಟಾ.”

“ಹಣ್ಣು ಯಾರು ತಿಂದ್ರು ಮತ್ತೆ?”

“ಗೊತ್ತಿಲ್ಲ” ಎಂದೆ. “ದಾರಿಯಲ್ಲಿ ಹೋದವರು ಯಾರೋ ತಿಂದಿರಬೇಕು.”

ಅವಳು ಕೈಯಲ್ಲಿದ್ದ ಪೆನ್ಸಿಲನ್ನು ತಿರುಗಿಸಿ ಅದರ ಮೇಲಿನ ತನ್ನ ಹೆಸರು ನೋಡಿದಳು. ಆಮೇಲೆ, “ಸಿಹಿ ಇತ್ತೋ ಏನೋ” ಎಂದಳು.